ಅಡಿವೆಪ್ಪನ ಗಾಡಿ ಗುಜರಿಗೆ ಹೋದದ್ದು

ನದಿ ದಂಡೆಯ ಮಠದಲ್ಲಿ ಅಡಿವೆಪ್ಪ ಎಂಬ ಶಿಷ್ಯನಿದ್ದ. ಮಠದ ಪಿಕಪ್ ಗಾಡಿಯನ್ನು ಇಪ್ಪತ್ತೊಂದು ವರ್ಷದಿಂದ ಅವನೊಬ್ಬನೇ ಓಡಿಸುತ್ತಿದ್ದ.

ಸುತ್ತಲಿನ ಐದು ಊರಲ್ಲಿ ಒಂದು ಪದ್ಧತಿ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಪ್ರತಿ ಮನೆಯವರೂ ಮಠದಲ್ಲಿ ಓದುವ ಮಕ್ಕಳಿಗೆಂದು ಎರಡು ಹೆಚ್ಚು ಬಡಿದಿಡುತ್ತಾರೆ. ಅಡಿವೆಪ್ಪ ಊರೂರು ಸುತ್ತಿ ಅದನ್ನು ತರಬೇಕು.

ಗಾಡಿಗೆ ಒಂದಲ್ಲ, ನೂರೆಂಟು ರೋಗ. ಎರಡನೇ ಗೇರ್ ಬೀಳಬೇಕಾದರೆ ಕೋಲನ್ನು ಮೇಲಕ್ಕೆತ್ತಿ ತನ್ನ ಕಡೆ ಎಳೆದುಕೊಳ್ಳಬೇಕು. ಬ್ರೇಕನ್ನು ಎರಡು ಸಲ ತುಳಿಯಬೇಕು. ಎಡಗಡೆಯ ಬಾಗಿಲಿಗೆ ಹಗ್ಗವೇ ಚಿಲಕ. ಅಡಿವೆಪ್ಪ ಇದನ್ನೆಲ್ಲ ರಿಪೇರಿ ಮಾಡಿಸಲಿಲ್ಲ, ಯಾರಿಗೂ ಹೇಳಿಕೊಡಲೂ ಇಲ್ಲ. ಅದೇ ಅವನ ಹೆಮ್ಮೆ.

"ಇದು ನನ್ನ ಮಾತಷ್ಟ ಕೇಳತೈತಿ. ಬ್ಯಾರೇದವರು ಮುಟ್ಟಿದ್ರ ಗೇಟೂ ದಾಟಂಗಿಲ್ಲ," ಎಂದು ಎದೆಯುಬ್ಬಿಸಿ ಹೇಳುತ್ತಿದ್ದ.

ಒಂದು ದಿನ ಸಾರಿಗೆ ಕಚೇರಿಯವರು ಗಾಡಿ ನೋಡಿ ತಲೆಯಾಡಿಸಿದರು. ಇನ್ನು ಎಂಟು ದಿನ ಓಡಿಸಬಹುದು, ಆಮೇಲೆ ಗುಜರಿಗೆ ಹಾಕಿ ಎಂದರು.

ಅಡಿವೆಪ್ಪ ಗಾಡಿಯ ಬಾನೆಟ್ ಸವರುತ್ತ ನಿಂತ. ಆದರೂ ಒಳಗೊಳಗೇ ಒಂದು ಆಸೆ ಚಿಗುರಿತು. ಪಟ್ಟಣದ ಭಕ್ತರೊಬ್ಬರು, ಗುರುಗಳು ಒಂದು ಕಾಗದ ಬರೆದರೆ ಹೊಸ ಪಿಕಪ್ ಕೊಡಿಸುವುದಾಗಿ ಎಂದೋ ಹೇಳಿದ್ದರು.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅಡಿವೆಪ್ಪ ಹೋಗಿ ಕೈಮುಗಿದ.

"ಅಜ್ಜಾರ, ಕಾಗದ ಬರೀಬೇಕ್ರಿ. ಗಾಡಿ ಇಲ್ದ ರೊಟ್ಟಿ ಹೆಂಗ ಬರಬೇಕು?"

"ಹೋದ ವರ್ಷ ನಿನಗ ಜ್ವರ ಬಂದಿತ್ತಲ್ಲ. ಆವಾಗ ಹೆಂಗ ಬಂತು?"

"ಬರಲಿಲ್ರಿ. ನಾಕು ದಿನ ಹುಡುಗರು ಬರೇ ಅನ್ನ ಉಂಡ್ರು." ಹೇಳುವಾಗಲೂ ಅವನ ದನಿಯಲ್ಲಿ ಸ್ವಲ್ಪ ಗತ್ತು ಇತ್ತು. ನಾನಿಲ್ಲದಿದ್ದರೆ ಹೀಗೆ ನೋಡಿ ಎಂಬಂತೆ.

ಅಜ್ಜಾರು ಅಡುಗೆಮನೆಯ ನೀಲವ್ವನನ್ನು ಕರೆಸಿದರು. ತವರಲ್ಲಿ ಟ್ರ್ಯಾಕ್ಟರ್ ಓಡಿಸಿದವಳು, ಲೈಸೆನ್ಸೂ ಇತ್ತು. ಹತ್ತು ವರ್ಷದಿಂದ ಮಠದ ಒಲೆ ಮುಂದೆ ಇದ್ದಳು.

"ಎಂಟನೇ ದಿನ ಗಾಡಿನ ಗುಜರಿಗೆ ಈಕಿ ಒಯ್ಯಬೇಕು. ನಾಳಿಯಿಂದ ರೊಟ್ಟಿ ತರಾಕೂ ಈಕಿನ ಓಡಸ್ಲಿ. ನೀ ಬಾಜೂಕ ಕುಂದ್ರು, ಸ್ಟೇರಿಂಗ್ ಮುಟ್ಟಬ್ಯಾಡ. ಗಾಡಿ ಅಲ್ಲಿಗೆ ಮುಟ್ಟಿದ್ರ ಕಾಗದ ಬರೀತೀನಿ."

"ಮುಟ್ಟದಿದ್ರ?"

"ಬರಿಯಂಗಿಲ್ಲ."

ಅಡಿವೆಪ್ಪನಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತೊಂದು ವರ್ಷ ಸಾಕಿದ ಗಾಡಿಯ ಕೊನೆಯ ಪಯಣ ಮತ್ತೊಬ್ಬರ ಕೈಯಲ್ಲೇ? ಆದರೆ ಅಜ್ಜಾರ ಮಾತು ಮೀರುವಂತಿರಲಿಲ್ಲ.

ಮೊದಲ ದಿನ ಅವನು ಏನೂ ಹೇಳಿಕೊಡಲಿಲ್ಲ. ಕೈಕಟ್ಟಿ ಕೂತ. ಗಾಡಿ ಗೇಟಿನ ಹತ್ತಿರವೇ ನಿಂತಿತು. ಅವನಿಗೆ ಖುಷಿಯಾಯಿತು. ಮಧ್ಯಾಹ್ನ ಪಂಕ್ತಿಯಲ್ಲಿ ಮಕ್ಕಳ ತಟ್ಟೆಯಲ್ಲಿ ಬರೇ ಅನ್ನ ಕಂಡಾಗ ಆ ಖುಷಿ ಇಳಿದುಹೋಯಿತು.

ಮರುದಿನ ಬೆಳಿಗ್ಗೆ ಅವನಾಗೇ ಬಾಯಿಬಿಟ್ಟ. "ಯವ್ವಾ, ಎರಡನೇ ಗೇರ್ ಹಂಗಲ್ಲ. ಮ್ಯಾಲಕ್ಕೆತ್ತು. ಈಗ ನಿನ್ನ ಕಡೆ ಎಳಕೋ."

ಬಿತ್ತು.

"ಇಷ್ಟ ಏನಣ್ಣಾ?" ನೀಲವ್ವ ನಕ್ಕಳು. "ನಮ್ಮ ಒಲಿ ಇದಕ್ಕಿಂತ ಜಾಸ್ತಿ ಸೊಕ್ಕು ಮಾಡತೈತಿ."

ಅಂದಿನಿಂದ ಐದೂ ಊರಿಗೆ ಅವಳೇ ಓಡಿಸಿದಳು. ತನ್ನ ಗುಟ್ಟುಗಳು ಒಂದೊಂದಾಗಿ ಅವಳ ಕೈಗೆ ಹೋಗುತ್ತಿದ್ದಂತೆ ಅಡಿವೆಪ್ಪನಿಗೆ ಮೊದಮೊದಲು ಹೊಟ್ಟೆ ಉರಿಯಿತು. ಐದನೇ ದಿನದ ಹೊತ್ತಿಗೆ ಅವಳು ತಪ್ಪಿದರೆ ಉರಿಯತೊಡಗಿತು.

ಎಂಟನೇ ದಿನ ಹೊರಟರು. ಪಟ್ಟಣದ ಹತ್ತಿರದ ಏರಿನಲ್ಲಿ, ಅರ್ಧ ಹತ್ತಿದಾಗ, ಇಂಜಿನ್ ಬಂದ್ ಆಯಿತು. ಗಾಡಿ ಹಿಂದಕ್ಕೆ ಸರಿಯತೊಡಗಿತು. ಅಡಿವೆಪ್ಪನ ಕೈ ತಾನಾಗೇ ಸ್ಟೇರಿಂಗಿನ ಕಡೆ ಹೋಯಿತು.

ಹೋದ ಕೈಯನ್ನು ಅವನು ತೊಡೆಯ ಕೆಳಗೆ ಒತ್ತಿ ಹಿಡಿದ.

"ಎರಡು ಸಲ ತುಳಿ," ಎಂದ.

ನೀಲವ್ವ ಅಷ್ಟರಲ್ಲೇ ತುಳಿದಿದ್ದಳು. ಗಾಡಿ ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದಳು, ಚಾಲೂ ಮಾಡಿದಳು, ಒಂದನೇ ಗೇರಿನಲ್ಲಿ ಏರು ಹತ್ತಿಸಿಯೇ ಬಿಟ್ಟಳು. ಅಡಿವೆಪ್ಪನ ಕಣ್ಣು ತುಂಬಿ ಬಂತು. ಯಾಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು: ಅಷ್ಟು ಹೆಮ್ಮೆ ಅವನಿಗೆ ತನ್ನ ಬಗ್ಗೆ ಎಂದೂ ಆಗಿರಲಿಲ್ಲ.

ಗುಜರಿಯವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬೆರಗಾದ. "ಇದನ್ನ ಇಲ್ಲೀತನಕ ಓಡಿಸ್ಕೊಂಡು ಬಂದೀರಿ? ಭಾರಿ ಡ್ರೈವರ್ ಬಿಡ್ರಿ ನೀವು!"

"ನಾ ಅಲ್ರಿ," ಎಂದ ಅಡಿವೆಪ್ಪ. "ಈಕಿ, ನಮ್ಮ ನೀಲವ್ವ."

ಬಸ್ಸಿನಲ್ಲಿ ಮಠಕ್ಕೆ ಮರಳಿದವನೇ ಅವನು ಕಾಲು ತೊಳೆಯುವ ಮೊದಲೇ ಅಜ್ಜಾರ ಮುಂದೆ ನಿಂತ. ಏರಿನ ಕಥೆಯನ್ನು ಎರಡೆರಡು ಸಲ ಹೇಳಿದ. ಮೂರನೇ ಸಲ ಶುರುಮಾಡಿದಾಗ ನೀಲವ್ವ ನಾಚಿ ಅಡುಗೆಮನೆಗೆ ಓಡಿದಳು.

"ಅಜ್ಜಾರ, ಒಂದು ಮಾತು. ಹೊಸಾ ಗಾಡಿ ಬಂದ್ರ ಒಂದು ವಾರ ಆಕಿ ಹೋಗ್ಲಿ, ಒಂದು ವಾರ ನಾ ಹೋಗ್ತೀನಿ. ಇನ್ನೂ ಇಬ್ಬರಿಗೆ ಕಲಸ್ತೀನಿ. ನನಗ ಜ್ವರ ಬಂದ್ರೂ ಹುಡುಗರ ರೊಟ್ಟಿ ತಪ್ಪಬಾರದು."

ಅಜ್ಜಾರು ಪೆನ್ನು ಕೈಗೆತ್ತಿಕೊಂಡರು.

"ಕಾಗದ ತಾ, ಬರೀತೀನಿ. ಅವತ್ತ ಗಾಡಿ ನಿನಗ ಬೇಕಾಗಿತ್ತು. ಇವತ್ತ ಮಠಕ್ಕ ಬೇಕಾಗೈತಿ."