ಎರಡು ದಡದ ಮಾತು

"ಕೇಳಿರಪ್ಪೋ ಕೇಳಿರಿ! ಏಳು ನಾಡು ಕೂಡಿ ಒಂದು ರಾಜ್ಯವಾಗಿದೆ. ನಾಡಿನಿಂದ ನಾಡಿಗೆ ತಿರುಗಿ ನ್ಯಾಯ ಹೇಳಲು ಮೊದಲ ನ್ಯಾಯಾಧೀಶ ಬೇಕು. ಅರಸರ ಮೂರು ಒಗಟು ಬಿಡಿಸಿದವನಿಗೆ ಪೀಠ, ತಪ್ಪಿದವನಿಗೆ ಸಂಜೆಗೆ ಶಿರಚ್ಛೇದ!"

ಡಂಗುರ ಕೇಳಿದ ಅಂಬಿಗ ದ್ಯಾವಪ್ಪ ಹರಿಗೋಲು ದಡಕ್ಕೆಳೆದವನೇ ರಾಜಧಾನಿಯ ದಾರಿ ಹಿಡಿದ. ಅವನಿಗೆ ಪೀಠದ ಆಸೆಯಿರಲಿಲ್ಲ. ನಡುಹೊಳೆಯಲ್ಲಿ ಹರಿಗೋಲು ಮಗುಚಿ ಸಾಹುಕಾರನೊಬ್ಬ ಸತ್ತಿದ್ದ. ಹುಟ್ಟು ಹಾಕುತ್ತಿದ್ದ ಅವನ ಅಣ್ಣ ಹುಲಿಗೆಪ್ಪ ಬೇಕೆಂದೇ ಮುಳುಗಿಸಿದನೆಂದು ಆಚೆ ದಡದವರು ದೂರಿದ್ದರು. ಹೊಳೆ ಯಾವ ನಾಡಿನದೆಂದು ತೀರ್ಮಾನವಾಗದೆ, ವಿಚಾರಣೆಯೂ ಇಲ್ಲದೆ, ಅಣ್ಣ ಎರಡು ವರ್ಷದಿಂದ ಸೆರೆಯಲ್ಲಿ ಕೊಳೆಯುತ್ತಿದ್ದ. ತಾನೇ ನ್ಯಾಯಾಧೀಶನಾದರೆ ಮೊದಲ ದಿನವೇ ಬಿಡಿಸಬಹುದಲ್ಲ!

ಅರಮನೆಯಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ದ್ಯಾವಪ್ಪ ಹೊರಗೆ ಕೂತ, ಎದ್ದ, ಕಂಬ ಸುತ್ತಿದ, ಮತ್ತೆ ಕೂತ. ದಳವಾಯಿಯ ಮಗ ಕೈಕಟ್ಟಿಸಿಕೊಂಡು ಹೊರಬಂದ. ವ್ಯಾಪಾರಿಯೊಬ್ಬನೂ ಹಾಗೆಯೇ ಬಂದ. ಪಂಡಿತ ಶೇಷಾಚಾರ್ಯರು ಬರುವಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. "ಎರಡು ಬಿಡಿಸಿದೆನಪ್ಪಾ, ಮೂರನೆಯದಕ್ಕೆ ಹೆದರಿಬಿಟ್ಟೆ" ಎಂದರು. ಅಷ್ಟರಲ್ಲಿ ದ್ಯಾವಪ್ಪನನ್ನೇ ಕರೆದರು.

"ಒಂದೇ ಬಂದರೆ ನಂಬುವಂತಿಲ್ಲ, ಎರಡೂ ಬಂದರೆ ಬಿಡುವಂತಿಲ್ಲ. ಏನದು?" ಅರಸ ಕೇಳಿದ. "ವ್ಯಾಪಾರಿ ಚಪ್ಪಲಿ ಎಂದ."

"ಎರಡು ದಡದ ಮಾತು, ದೊರೆಗಳೇ. ಒಂದು ದಡದವರ ಜಗಳ ಕೇಳಿ ಹರಿಗೋಲು ಹತ್ತಿದರ, ಆಚೆ ದಡದಾಗ ಅದ ಜಗಳ ಬ್ಯಾರೇನ ಇರತೈತಿ. ಎರಡೂ ಕೇಳಬೇಕು."

"ಏಳು ನಾಡಿನಲ್ಲೂ ಅವನಿಗೆ ಎಲೆ ಹಾಕುತ್ತಾರೆ, ಅವನು ಮಾತ್ರ ಉಪವಾಸ ಏಳಬೇಕು. ಯಾರವನು? ದಳವಾಯಿಯ ಮಗ ಸನ್ಯಾಸಿ ಎಂದ."

"ನ್ಯಾಯ ಹೇಳಾಂವ. ಉಂಡ ಮನಿ ಕಡೆ ನಾಲಿಗಿ ವಾಲತೈತಿ. ಅಂವ ತನ್ನ ರೊಟ್ಟಿ ತಾನ ಕಟಗೊಂಡು ಹೋಗಬೇಕು."

ಅರಸ ಮುಂದಕ್ಕೆ ಬಾಗಿದ. "ಎಲ್ಲರ ಬಾಗಿಲಲ್ಲೂ ಅವನು ಕಣ್ಣು ಬಿಟ್ಟು ನೋಡಬೇಕು. ಒಂದೇ ಬಾಗಿಲಲ್ಲಿ ಕುರುಡ, ಮೂಗ. ಯಾವುದದು? ಪಂಡಿತರು ಅರಮನೆ ಎಂದು ನನಗೆ ಹೆದರಿ ನನ್ನನ್ನು ಮೆಚ್ಚಿಸಲು ಹೋದರು."

ಉತ್ತರ ಆಗಲೇ ದ್ಯಾವಪ್ಪನ ಬಾಯಲ್ಲಿತ್ತು, ಆದರೆ ಹೊರಬರಲೊಲ್ಲದು. ಅಣ್ಣನನ್ನು ಬಿಡಿಸಲೆಂದು ಬಂದ ದಾರಿಯನ್ನೇ ಅದು ಮುಚ್ಚಿಬಿಡುತ್ತಿತ್ತು. ಅಣ್ಣನ ಸೊರಗಿದ ಮುಖ ಕಣ್ಣೆದುರು ನಿಂತು ಅವನಿಗೆ ಅಳುವೇ ಬಂತು.

"ತನ್ನ ಮನಿ ಬಾಗಿಲು" ಎಂದ. "ನಮ್ಮಣ್ಣ ಸೆರಿಯಾಗ ಅದಾನ್ರೀ. ಅವನ ನ್ಯಾಯ ನಾ ಹೇಳೂ ಹಂಗಿಲ್ಲ."

ಅರಸ ತಾನೇ ಎದ್ದು ಬಂದು ಮುದ್ರೆಯುಂಗುರ ತೊಡಿಸಿದ. "ಇನ್ನೇನು ಬೇಕು, ಕೇಳು."

"ಒಗಟು ತಪ್ಪಿದ್ದು ಅಪರಾಧ ಅಲ್ಲ. ಎಲ್ಲಾರನ್ನೂ ಬಿಡ್ರಿ. ಆಚಾರ್ಯರು ನಮ್ಮಣ್ಣನ ವಿಚಾರಣಿ ಮಾಡಲಿ. ಇನ್ನೊಮ್ಮೆ ಹೆದರಾಂಗಿಲ್ಲ ಅವರು."

ಆಚಾರ್ಯರು ಎರಡೂ ದಡದವರನ್ನು ಕೇಳಿದರು. ಹುಲಿಗೆಪ್ಪ ಬೇಡವೆಂದರೂ ಸಾಹುಕಾರ ತನ್ನ ಕುದುರೆಯನ್ನು ಹರಿಗೋಲಿಗೆ ಹತ್ತಿಸಿದ್ದನೆಂದೂ ಅದು ಬೆದರಿದ್ದಕ್ಕೇ ಹರಿಗೋಲು ಮಗುಚಿತೆಂದೂ ಆಚೆ ದಡದ ಅಗಸಗಿತ್ತಿಯೇ ಹೇಳಿದಳು. ಅಷ್ಟು ಹೊತ್ತೂ ಹೊರಗೆ ಶತಪಥ ಹಾಕುತ್ತಿದ್ದ ದ್ಯಾವಪ್ಪ, ಬಿಡುಗಡೆಯಾಗಿ ಬಂದ ಅಣ್ಣನನ್ನು ತಬ್ಬಿಕೊಂಡು ಅತ್ತ.

ಮೂವತ್ತೊಂದು ವರ್ಷ ಅವನು ರೊಟ್ಟಿಯ ಗಂಟು ಹೊತ್ತು ಏಳು ನಾಡು ತಿರುಗಿದ. ಹುಲಿಗೆಪ್ಪನ ಊರಿಗೆ ಹೋದಾಗಲೂ ಮರದ ಕೆಳಗೇ ಊಟ. ಅಣ್ಣನಿಗೆ ಊರತುಂಬ ನೆಂಟರು, ನೆಂಟರಿಗೆಲ್ಲ ತಕರಾರು. ಮುದ್ರೆಯುಂಗುರ ಮರಳಿ ಒಪ್ಪಿಸಿ ಪೀಠ ಬಿಟ್ಟ ದಿನ ನೆಟ್ಟಗೆ ಅಲ್ಲಿಗೇ ನಡೆದ. ಹಲ್ಲುದುರಿದ ಹುಲಿಗೆಪ್ಪ ಬಾಗಿಲಲ್ಲೇ ಕಾದಿದ್ದ.

"ಅಣ್ಣಾ, ಹಸಿವಾಗೇತಿ. ಉಣ್ಣಾಕ ನೀಡು" ಎಂದ ದ್ಯಾವಪ್ಪ.