ಸಾಹುಕಾರನ ಗಾದಿ

ಆ ಸೋಮವಾರ ಎಂದಿನಂತೆ, ಸೊಂಟ ಮುರಿದು ಮಲಗಿದ್ದ ಅವ್ವನ ಮೈ ಒರೆಸುವಾಗ ಹೂ ಮಾರುವ ಸಾವಂತ್ರವ್ವನಿಗೆ ಬೆನ್ನಿನ ಮೇಲೆ ಹಸಿ ಗಾಯ ಕಂಡಿತು. ಹೊಸ ಗಾದಿಯ ಹತ್ತಿ ಆಗಲೇ ಗಂಟುಗಟ್ಟಿತ್ತು. ಅದನ್ನು ಸುತ್ತಿ ತಲೆಯ ಮೇಲೆ ಹೊತ್ತು, ಕೊಂಡಿದ್ದ ಅಂಗಡಿಗೇ ನಡೆದಳು.

“ನಮ್ಮ ಗಾದಿ ಹತ್ತು ವರ್ಷ ಬಾಳಿಕಿ ಬರ್ತೈತಿ. ನಿಮ್ಮವ್ವಗ ಮಲಗಾಕ ಬರಂಗಿಲ್ಲ,” ಎಂದ ಸಾಹುಕಾರ ವಿರೂಪಣ್ಣ, ಕೂತಲ್ಲಿಂದ ಏಳದೆ. ಗಿರಾಕಿಗಳು ನಕ್ಕರು.

ಅವಳು ಹೊತ್ತ ಗಾದಿಯನ್ನು ಅವನ ಮುಂದೆ ಇಳಿಸಿದಳು. “ನೀವು ಕುಂತ ಗಾದಿಯೊಳಗೂ ಇದ ಹತ್ತಿ ಐತೇನ್ರಿ, ಸಾಹುಕಾರ್ರ?”

“ಇದ ಹತ್ತಿ! ಆಣಿ ಮಾಡ್ತೀನಿ.”

“ಹಂಗಾರ ಏಳ್ರಿ. ಅದನ್ನ ನನಗ ಕೊಡ್ರಿ, ಇದರ ಮ್ಯಾಲ ನೀವು ಕೂಡ್ರಿ.”

“ಇದು... ಹಳೇದವ್ವ.”

“ಹಳೇದಾದ್ರೂ ಗಂಟು ಬಿದ್ದಿಲ್ಲಲ್ರೀ. ಅದ ಸಾಕು.”

ಗಿರಾಕಿಗಳೆಲ್ಲ ಈಗ ಅವನನ್ನೇ ನೋಡುತ್ತಿದ್ದರು. ಹಲ್ಲು ಕಡಿಯುತ್ತ ವಿರೂಪಣ್ಣ ಎದ್ದ. ಅವಳು ತನ್ನದನ್ನು ಆ ಜಾಗದಲ್ಲಿ ಹಾಸಿ, ಅವನ ಗಾದಿ ಸುತ್ತಿಕೊಂಡು ಹೋದಳು.

ಅಂದು ಅಂಗಡಿ ಮುಚ್ಚುವ ತನಕ ವಿರೂಪಣ್ಣ ನಿಂತೇ ವ್ಯಾಪಾರ ಮಾಡಿದ.