ಅಳಿಲಮ್ಮ ಕರೆಯದ ನೆಂಟ

ಹುಣಸೆಮರದ ಪೊಟರೆಯಲ್ಲಿ ಅಳಿಲಮ್ಮ ಎರಡು ಮರಿ ಹಾಕಿದ್ದಳು. ತೊಟ್ಟಿಲ ಶಾಸ್ತ್ರಕ್ಕೆ ತಂಗಿಯನ್ನೂ ಪಕ್ಕದ ಮರದ ಗೊರವಂಕವನ್ನೂ ಕರೆಯಬೇಕಂತ ಅವಳಿಗೆ ಆಸೆ. ಊರಿಗೆಲ್ಲ ಕರೆ ಮುಟ್ಟಿಸೋ ಕಾಗೆಯಣ್ಣ ಬಂದು, "ನಿನಗೆ ಗೊತ್ತಿರೋರ ಮನೆಯೆಲ್ಲ ಮೊದಲು ಹೇಳಮ್ಮ, ಆಮೇಲೆ ಬೇಕಾದವರನ್ನ ನೀನೇ ಆರಿಸುವೆಯಂತೆ" ಅಂದ. ಪಾಪ, ಅವಳು ನಂಬಿ ಒಂದೂ ಬಿಡದೆ ಹೇಳಿದಳು. ಆರಿಸೋಕೆ ಬಾಯಿ ತೆಗೆಯೋಷ್ಟರಲ್ಲಿ ಕಾಗೆ ಹಾರಿಹೋಗಿ ಎಲ್ಲರನ್ನೂ ಕರೆದುಬಿಟ್ಟ.

ಮೊದಲು ಬಂದದ್ದು ಹುತ್ತದ ಕೇರೆಹಾವು. "ಕರೆದೆಯಂತಲ್ಲ ತಾಯಿ, ಮರಿಗಳೆಲ್ಲಿ?" ಅನ್ನುತ್ತ ಮರ ಹತ್ತತೊಡಗಿತು. ಅಳಿಲಮ್ಮ ಜೀವ ಕೈಯಲ್ಲಿ ಹಿಡಿದು, ಮರಿಗಳನ್ನ ಬಾಯಲ್ಲಿ ಕಚ್ಚಿಕೊಂಡು ಬೇರೆ ಮರಕ್ಕೆ ಸಾಗಿಸಿದಳು.

ಸಂಜೆ ಕಾಗೆ ಎದುರಾಗಿ, "ಹಾವಿನ ಮನೇನೂ ನೀನೇ ಹೇಳಿದ್ದಲ್ಲವಾ?" ಅಂದ, ಏನೂ ಆಗೇ ಇಲ್ಲ ಅನ್ನೋ ಹಾಗೆ.

"ಥೂ ನಿನ್ನ! ಆ ದಾರಿ ತುಳಿಯಬಾರದು ಅಂತ ಅದರ ಮನೆ ತಿಳಿದಿಟ್ಟುಕೊಂಡಿದ್ದೆ ಕಣೋ! ಗೊತ್ತಿರೋರನ್ನೆಲ್ಲ ಯಾರಾದರೂ ತೊಟ್ಟಿಲಿಗೆ ಕರೀತಾರೇನೋ?"

"ಹೋಗಲಿ ಬಿಡು. ಹೊಸ ಪೊಟರೆ ಎಲ್ಲಿ ಹೇಳು, ನಿನ್ನ ತಂಗಿಗೆ ತಿಳಿಸ್ತೀನಿ."

"ತಂಗಿಗೆ ನಾನೇ ಹೋಗಿ ಹೇಳ್ತೀನಿ. ಇವತ್ತಿಂದ ನೀನೂ ನನಗೆ ಆ ಹಾವು ಗೊತ್ತಿರೋ ಹಾಗೇ ಗೊತ್ತಿರೋನು, ನಡಿ!"